ಡ್ರಿಲ್ ಒಂದನ್ನೇ ಹಿಡಿದು ಅಲ್ಟಿಮೇಟ್ ಕಪ್ ಝಡ್ ಗೆದ್ದ ಕಥೆ

ಕೊನೆಗೂ ಆಯ್ತು. 'ಕಿರ್ಬಿ ಅಂಡ್ ದ ಫರ್ಗಾಟನ್ ಲ್ಯಾಂಡ್' ವಿಡಿಯೋ ಆಟದ ಅಲ್ಟಿಮೇಟ್ ಕಪ್ ಝಡ್ ಅನ್ನು, ಅಂದರೆ ಬಾಸ್‌ಗಳನ್ನು (ದೊಡ್ಡ ಶತ್ರುಗಳನ್ನು) ಒಬ್ಬರ ಹಿಂದೊಬ್ಬರಂತೆ ಸೋಲಿಸಬೇಕಾದ ಪಂದ್ಯವನ್ನು, ಶುರುವಿನಿಂದ ಕೊನೆಯವರೆಗೆ ಬರೀ ಡ್ರಿಲ್ ಹಿಡಿದು ಮುಗಿಸಿದೆ. ಅದೂ ಕಷ್ಟದ ಹಂತವಾದ ವೈಲ್ಡ್ ಮೋಡ್‌ನಲ್ಲಿ. ನಡುವೆ ಎಲ್ಲೂ ಎಬಿಲಿಟಿ (ಶತ್ರುವನ್ನು ನುಂಗಿ ಕಿರ್ಬಿ ಪಡೆಯುವ ಶಕ್ತಿ) ಬದಲಿಸಲಿಲ್ಲ. ಐಟಂ ಅಂಗಡಿಯ ಅಟ್ಯಾಕ್ ಬೂಸ್ಟ್ ಕೂಡ ಕುಡಿಯಲಿಲ್ಲ. ಹೆಚ್ಚುಕಮ್ಮಿ 16 ನಿಮಿಷ ಹಿಡಿಯಿತು. ದಾಖಲೆಗೆ ಆಡುವವರಿಗೆ ಇದೇನೂ ದೊಡ್ಡ ಸಮಯ ಅಲ್ಲ ಅಂತ ನನಗೂ ಗೊತ್ತು. ಆದರೆ ನಾನು ಗಡಿಯಾರದ ಜೊತೆ ಪಂದ್ಯ ಕಟ್ಟಿರಲಿಲ್ಲ. 'ಡ್ರಿಲ್‌ನಿಂದ ಆಗಲ್ಲ' ಅಂದವರ ಜೊತೆ ಕಟ್ಟಿದ್ದೆ.

ನಾವು ಐದಾರು ಜನ ಈ ಸರಣಿಯನ್ನು ಬಹಳ ವರ್ಷಗಳಿಂದ ಆಡುತ್ತಾ ಬಂದಿದ್ದೇವೆ. ಯಾವ ಎಬಿಲಿಟಿ ಯಾವ ಬಾಸ್‌ಗೆ ಸರಿ ಅನ್ನುವುದರ ಮೇಲೆ ನಮ್ಮಲ್ಲಿ ನಡೆಯುವಷ್ಟು ಜಗಳ ಬೇರೆ ಯಾವುದರ ಮೇಲೂ ನಡೆಯುವುದಿಲ್ಲ. ಡ್ರಿಲ್ ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು. ಡ್ರಿಲ್ ಅಂದರೆ ನೆಲದೊಳಗೆ ಹೋಗಿ ಶತ್ರುವಿನ ಸುತ್ತ ಗೆರೆ ಎಳೆಯುವುದು, ಗೆರೆ ಕೂಡಿದರೆ ನೆಲ ಒಡೆದು ಏಟು ಬೀಳುವುದು. ಕೊನೆಯಲ್ಲಿ ಬರುವ ಕೇಯಾಸ್ ಎಲ್ಫಿಲಿಸ್ ಹಾರಾಡುವ ಬಾಸ್. ಹಾರುವವನ ಸುತ್ತ ನೆಲದಲ್ಲಿ ಗೆರೆ ಎಳೆದು ಏನು ಬಂತು? 'ಲೋ, ಸುಮ್ನೆ ಮಾಸ್ಕ್ಡ್ ಹ್ಯಾಮರ್ ಹಿಡ್ಕೊಂಡು ಹೋಗೋ. ಇಲ್ಲಾ ಮಾರ್ಫೋ ನೈಟ್ ಕತ್ತಿ ತಗೋ. ಡ್ರಿಲ್ ಇರೋದು ದಾರಿ ಮಧ್ಯದ ಚಿಲ್ಲರೆ ಶತ್ರುಗಳಿಗೆ' ಅಂತ ಒಬ್ಬ ಗೆಳೆಯ ಹೇಳಿದ. ಮಾರ್ಫೋ ನೈಟ್ ಕತ್ತಿಯ ನಕ್ಷೆ ಕೈಗೆ ಸಿಗುವುದೇ ಕಪ್ ಝಡ್ ಒಮ್ಮೆ ಗೆದ್ದ ಮೇಲೆ. ಗೆದ್ದವನಿಗೆ ಸಿಗುವ ಬಹುಮಾನವನ್ನೇ ಗೆಲ್ಲುವ ದಾರಿ ಅಂತ ಹೇಳುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಡ್ರಿಲ್ಲೇ ಯಾಕೆ? ಇದಕ್ಕೆ ಉತ್ತರ ಸ್ವಲ್ಪ ಹಿಂದಿನಿಂದ ಬರಬೇಕು. 1992ರ ಮೊದಲ ಆಟದಲ್ಲಿ ಕಿರ್ಬಿಗೆ ಎಬಿಲಿಟಿ ಅನ್ನುವುದೇ ಇರಲಿಲ್ಲ. ನುಂಗುವುದು, ಉಗುಳುವುದು, ಅಷ್ಟೇ. ನುಂಗಿದವರ ಶಕ್ತಿ ಪಡೆಯುವುದು 1993ರ 'ಕಿರ್ಬೀಸ್ ಅಡ್ವೆಂಚರ್'ನಿಂದ ಶುರುವಾಯಿತು. ಆಮೇಲೆ ಬಂದ ಆಟಗಳಲ್ಲಿ ಒಂದು ವಿಚಿತ್ರ ನೋಡಿ. ಕಥೆ ಎಲ್ಲಿ ತೀರಾ ಕತ್ತಲಾಗುತ್ತದೋ ಅಲ್ಲಿ ಆಟ ನಮ್ಮ ಎಬಿಲಿಟಿಯನ್ನು ಕಿತ್ತುಕೊಳ್ಳುತ್ತದೆ. 'ಡ್ರೀಮ್ ಲ್ಯಾಂಡ್ 2'ರಲ್ಲಿ ಕೊನೆಯ ಬಾಸ್ ಡಾರ್ಕ್ ಮ್ಯಾಟರ್ ಎದುರು ಕೈಗೆ ಬರುವುದು ರೈನ್‌ಬೋ ಸ್ವೋರ್ಡ್. 'ಡ್ರೀಮ್ ಲ್ಯಾಂಡ್ 3'ರಲ್ಲಿ ಕೊನೆಯ ಬಾಸ್ ಝೀರೋ ಎದುರು ಲವ್-ಲವ್ ಸ್ಟಿಕ್. 2000ದ 'ಕಿರ್ಬಿ 64'ರಲ್ಲಿ 7 ಎಬಿಲಿಟಿಗಳನ್ನು ಎರಡೆರಡಾಗಿ ಬೆರೆಸಿ ಆಡುವ ಅಷ್ಟು ಚಂದದ ಏರ್ಪಾಡು ಇತ್ತು. ಕಲ್ಲಿಗೆ ಬೆಂಕಿ, ಮಂಜಿಗೆ ಮಿಂಚು, ಏನೇನು ಬೇಕೋ ಬೆರೆಸಬಹುದಿತ್ತು. ಆದರೆ ಕೊನೆಯ ಬಾಸ್ ಝೀರೋ-ಟು ಬಂದಾಗ ಅದ್ಯಾವುದೂ ಇಲ್ಲ. ಗೆಳತಿ ರಿಬ್ಬನ್ ಕಿರ್ಬಿಯನ್ನು ಎತ್ತಿಕೊಂಡು ಹಾರುತ್ತಾಳೆ, ಕೈಯಲ್ಲಿ ಹರಳಿನ ಚೂರು ಹಾರಿಸುವ ಗನ್ ಒಂದೇ.

ಚಿಕ್ಕವನಿದ್ದಾಗ ಝೀರೋನ ನೋಡಿ ನನಗೆ ನಿದ್ದೆ ಬಂದಿರಲಿಲ್ಲ. ಬಣ್ಣದ ಪೆನ್ಸಿಲ್‌ನಲ್ಲಿ ಬಿಡಿಸಿದ ಹಾಗಿರುವ ಮುದ್ದು ಆಟ ಅದು. ಕೊನೆಯಲ್ಲಿ ಒಂದು ದೊಡ್ಡ ಬಿಳಿ ಕಣ್ಣು ಬರುತ್ತದೆ, ರಕ್ತ ಚಿಮ್ಮಿಸುತ್ತದೆ, ಆಮೇಲೆ ತನ್ನ ಪಾಪೆಯನ್ನೇ ಹರಿದುಕೊಂಡು ನಮ್ಮ ಮೇಲೆ ಬರುತ್ತದೆ. ಅಂಥದ್ದರ ಎದುರು ನಾನು ಅಷ್ಟು ಹೊತ್ತು ಆಡಿ ಕಲಿತ ಯಾವುದೂ ಕೆಲಸಕ್ಕೆ ಬರಲಿಲ್ಲ ಅನ್ನುವ ಬೇಸರ ಇವತ್ತಿಗೂ ಇದೆ. ಎಲ್ಲಾ ಆಟಗಳೂ ಹಾಗಲ್ಲ. 'ಕಿರ್ಬಿ ಸೂಪರ್ ಸ್ಟಾರ್'ನ ಬಾಸ್ ಮಾರ್ಕ್ಸ್ ಎದುರು ನಮ್ಮದೇ ಎಬಿಲಿಟಿ ಹಿಡಿದು ನಿಲ್ಲಬಹುದು. ಫರ್ಗಾಟನ್ ಲ್ಯಾಂಡ್‌ನ ಕಪ್ ಝಡ್ ಕೂಡ ಹಾಗೇ. ಸರಣಿಯ ಅತ್ಯಂತ ನೋವಿನ ಬಾಸ್ ಎದುರು ನಮಗೆ ಬೇಕಾದ್ದನ್ನು ಹಿಡಿದು ಹೋಗಬಹುದು. ಈ ಆಟಕ್ಕೆ ಅಂತಲೇ ಹೊಸದಾಗಿ ಬಂದ ಎಬಿಲಿಟಿ ಎರಡೇ: ಡ್ರಿಲ್ ಮತ್ತು ರೇಂಜರ್. ರೇಂಜರ್‌ನಲ್ಲಿ ದೂರ ನಿಂತು ಹೊಡೆಯುವುದು ಸುಲಭ, ಅದನ್ನು ಬಹಳ ಜನ ಮಾಡಿದ್ದಾರೆ. ಉಳಿದದ್ದು ಡ್ರಿಲ್.

ಈಗ ದುಡ್ಡಿನ ಮಾತು. ಸ್ಟಾರ್ ಕಾಯಿನ್ ಲೆಕ್ಕ ನಾನು ಬರೆದಿಟ್ಟಿಲ್ಲ, ನೆನಪಿನಿಂದ ಹೇಳುತ್ತಿದ್ದೇನೆ. ಮೊದಲ ತಿಂಗಳು ನಾನು ಮಾಡಿದ ದೊಡ್ಡ ತಪ್ಪು ಅಂದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬೆಳೆಸಲು ಹೋದದ್ದು. ಆಯುಧದ ಅಂಗಡಿಯಲ್ಲಿ ಹ್ಯಾಮರ್, ಸ್ವೋರ್ಡ್, ಬಾಂಬ್, ಐಸ್, ಎಲ್ಲದಕ್ಕೂ ಒಂದಿಷ್ಟು ಹಾಕಿದೆ. ಡ್ರಿಲ್‌ನಲ್ಲೇ ಆಡಬೇಕು ಅಂತ ಮನಸ್ಸು ಮಾಡುವ ಹೊತ್ತಿಗೆ ಕೈಯಲ್ಲಿ ಎಬಿಲಿಟಿ ಬೆಳೆಸಲು ಬೇಕಾದ ರೇರ್ ಸ್ಟೋನ್ ಎರಡೋ ಮೂರೋ ಉಳಿದಿದ್ದವು. ಕಾಯಿನ್ ಎಷ್ಟು ಬೇಕಾದರೂ ದುಡಿಯಬಹುದು. ಸ್ಟೋನ್ ಹಾಗಲ್ಲ. ಅದು ಹೆಚ್ಚಾಗಿ ಸಿಗುವುದು ಟ್ರೆಷರ್ ರೋಡ್ (ಸಮಯದ ಮಿತಿ ಇರುವ ಚಿಕ್ಕ ಸವಾಲಿನ ಹಂತ) ಒಂದನ್ನು ಮೊದಲ ಸಲ ಮುಗಿಸಿದಾಗ, ಒಂದೇ ಒಂದು. ಕಷ್ಟ ಅಂತ ಬಿಟ್ಟಿದ್ದ ಟ್ರೆಷರ್ ರೋಡ್‌ಗಳನ್ನೆಲ್ಲ ಒಂದೊಂದಾಗಿ ಹುಡುಕಿಕೊಂಡು ಹೋಗಬೇಕಾಯಿತು. ಆಗ ಟಾರ್ಗೆಟ್ ಟೈಮ್ ಒಳಗೆ ಮುಗಿಸಿದರೆ 50 ಕಾಯಿನ್ ಬರುತ್ತದಲ್ಲ, ಅದನ್ನೂ ಬಿಡಲಿಲ್ಲ. ಹೊಸದಾಗಿ ಡ್ರಿಲ್ ಹಿಡಿಯುವವರಿಗೆ ನಾನು ಹೇಳುವುದು ಇಷ್ಟು: ಮೊದಲ ಸ್ಟೋನಿನಿಂದಲೇ ಅದಕ್ಕೆ ಹಾಕಿ. ಡ್ರಿಲ್‌ನ ಕೊನೆಯ ರೂಪವಾದ ಟ್ವಿನ್ ಡ್ರಿಲ್‌ಗೆ ಬಂದ ಮೇಲೂ ಶಕ್ತಿ ಏರಿಸದೆ ಕಪ್ ಝಡ್‌ಗೆ ಹೋಗಬೇಡಿ. ಏರಿಸದೆ ಹೋದಾಗ ಬರೀ ಫ್ಯಾಂಟಮ್ ಗೊರಿಮಾಂಡೋ ಅನ್ನುವ ಬಾಸ್ ಒಬ್ಬನಿಗೇ ನನಗೆ ಮೂರು ನಿಮಿಷ ಹಿಡಿದಿತ್ತು.

ಕಾಯಿನ್‌ಗಾಗಿ ಆಟದೊಳಗಿನ ವಾಡಲ್ ಡೀ ಕೆಫೆಯಲ್ಲಿ ತಟ್ಟೆ ಹಂಚಿದ್ದೆಷ್ಟೋ, ಮೀನು ಹಿಡಿದದ್ದೆಷ್ಟೋ. ಅದರಲ್ಲಿ ದೊಡ್ಡ ಪಾಲು, 3000ದ ಹತ್ತಿರ ಇರಬೇಕು, ಕಾಯಿನ್ ಹಾಕಿದರೆ ಗೊಂಬೆ ಕೊಡುವ ಗಾಚಾ ಯಂತ್ರಕ್ಕೆ ಹೋಯಿತು. ಇದಕ್ಕೆ ಗೆಳೆಯರು ಬೈದರು. ನನಗೆ ಬೇಸರವಿಲ್ಲ. ಆ ಯಂತ್ರದಿಂದ ಬರುವ ಗೊಂಬೆಗಳ ಕೆಳಗೆ ಎರಡು ಮೂರು ಸಾಲಿನ ವಿವರ ಇರುತ್ತದಲ್ಲ, ಈ ಆಟದ ನಿಜವಾದ ಕಥೆಯ ಅರ್ಧ ಅಲ್ಲೇ ಇದೆ. ಕಟ್‌ಸೀನ್‌ನಲ್ಲಿ ಹೇಳದ್ದನ್ನು ಗೊಂಬೆಯ ಚೀಟಿಯಲ್ಲಿ ಹೇಳುತ್ತಾರೆ. ಈ ಓದು ಮುಂದೆ ಆಟದಲ್ಲೂ ಕೆಲಸಕ್ಕೆ ಬಂತು. ಹೇಗೆ ಅಂತ ಹೇಳುತ್ತೇನೆ.

ಮೊದಲು ಸೋತದ್ದು. ಒಟ್ಟು 60 ಸಲವಾದರೂ ಕಪ್ ಶುರುಮಾಡಿರಬೇಕು. ಮೊದಲ 20ರಲ್ಲಿ ಅರ್ಧ ಫ್ಯಾಂಟಮ್ ಕ್ಲಾರೊಲಿನ್ ಅನ್ನುವ ಚಿರತೆಯಂಥ ಬಾಸ್ ಹತ್ತಿರವೇ ಮುಗಿದವು. ಅವಳು ಒಂದು ಕಡೆ ನಿಲ್ಲುವುದೇ ಇಲ್ಲ. ನಾನು ಗೆರೆ ಮುಕ್ಕಾಲು ಎಳೆಯುವಷ್ಟರಲ್ಲಿ ಗೋಡೆಗೆ ಹಾರಿರುತ್ತಾಳೆ. ಗೆರೆ ಕೂಡುವ ಜಾಗದಲ್ಲಿ ನಾನು ತಲೆ ಎತ್ತಿದರೆ ಸರಿಯಾಗಿ ಅದೇ ಜಾಗಕ್ಕೆ ಉಗುರು ಬೀಸುತ್ತಾಳೆ. ನೆಲದಡಿ ಇರುವಾಗ ಹೆಚ್ಚಿನ ಏಟುಗಳು ತಲೆ ಮೇಲೆ ಹಾದುಹೋಗುತ್ತವೆ, ಅಲ್ಲಿ ಭಯವಿಲ್ಲ. ಡ್ರಿಲ್ ಆಟಗಾರ ಸಾಯುವುದೆಲ್ಲ ಮೇಲೆ ಬರುವ ಅರ್ಧ ಕ್ಷಣದಲ್ಲಿ.

ಉಳಿದ ಬಾಸ್‌ಗಳಲ್ಲಿ ಟ್ರಾಪಿಕ್ ವುಡ್ಸ್ ಬಗ್ಗೆ ಹೇಳುವಂಥದ್ದೇನಿಲ್ಲ. ಮರ ಅದು, ಓಡಿಹೋಗಲ್ಲ. ಸಿಲ್ಲಿಡಿಲ್ಲೋ ಉರುಳುವಾಗ ಗೆರೆ ಎಳೆಯಲು ಹೋಗಬೇಡಿ, ಒಳಗೇ ಇದ್ದು ಕಾಯಿರಿ. ಫರ್ಗೋ ಡೆಡೆಡೆ ಮಾತ್ರ ನನ್ನನ್ನು ಒಂದು ವಾರ ಕಾಡಿದ. ಅವನು ಕಂಬ ಕಿತ್ತು ಬೀಸುವ ರೀತಿಗೂ ನಾನು ಮೇಲೆ ಬರುವ ತಾಳಕ್ಕೂ ಕೂಡುತ್ತಲೇ ಇರಲಿಲ್ಲ. ಎಡಗಡೆ ಸ್ಟಿಕ್ ತಿರುಗಿಸಿ ತಿರುಗಿಸಿ ಕಂಟ್ರೋಲರ್ ಸಡಿಲವಾಯಿತು. ಗೆರೆ ದುಂಡಾಗಿ ಬರುವ ಬದಲು ಒಂದು ಕಡೆಗೆ ಎಳೆಯತೊಡಗಿತು. ಸುಮಾರು ಹತ್ತು ಪ್ರಯತ್ನ ಇದರಿಂದಲೇ ಹಾಳಾದವು. ತಪ್ಪು ನನ್ನ ಕೈಯದ್ದು ಅಂದುಕೊಂಡೇ ಆಡುತ್ತಿದ್ದೆ. ಬೇರೆ ಕಂಟ್ರೋಲರ್ ಹಿಡಿದ ದಿನ ಗೊತ್ತಾಯಿತು. ಡ್ರಿಲ್‌ನಲ್ಲಿ ಆಡುವುದಾದರೆ ಮೊದಲು ಸ್ಟಿಕ್ ನೋಡಿಕೊಳ್ಳಿ. ಸುತ್ತಿಗೆಯವರಿಗೆ ಇದು ಬೇಕಾಗಿಲ್ಲ, ನಮಗೆ ಬೇಕು.

ಎಲ್ಲಾ ಬದಲಾದದ್ದು ಒಂದು ಸಣ್ಣ ವಿಷಯದಿಂದ. ಒಂದು ರಾತ್ರಿ ಕ್ಲಾರೊಲಿನ್ ಜೊತೆ ಆಡುತ್ತಾ ಗೆರೆ ತಪ್ಪಾಗಿ ಬಹಳ ದೂರ ಎಳೆದುಬಿಟ್ಟೆ. ಅವಳು ಇದ್ದದ್ದು ಒಂದು ಕಡೆ, ನನ್ನ ಗೆರೆ ಇನ್ನೊಂದು ಕಡೆ. ಅವಳು ಗೋಡೆಯಿಂದ ಹಾರಿ ಸೀದಾ ಗೆರೆಯ ನಡುವೆಯೇ ಇಳಿದಳು. ಗೆರೆ ಕೂಡಿತು, ನೆಲ ಒಡೆಯಿತು, ಹೆಲ್ತ್‌ನಲ್ಲಿ ದೊಡ್ಡ ತುಂಡೊಂದು ಹೋಯಿತು. ನಾನು ಅಷ್ಟು ದಿನ ಬಾಸ್ ಎಲ್ಲಿದೆ ಅಂತ ನೋಡಿ ಗೆರೆ ಎಳೆಯುತ್ತಿದ್ದೆ. ಎಳೆಯಬೇಕಾದದ್ದು ಬಾಸ್ ಎಲ್ಲಿಗೆ ಬರುತ್ತದೆ ಅಂತ ನೋಡಿ. ಹೇಳಿದರೆ ಇಷ್ಟೇನಾ ಅನ್ನಿಸುತ್ತದೆ. ನನಗೆ ಇದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಅಲ್ಲಿಂದ ಮುಂದೆ ನಾನು ಹೊಡೆಯುವುದನ್ನೇ ಬಿಟ್ಟೆ. ಮೂರ್ನಾಲ್ಕು ದಿನ ಪ್ರತಿ ಬಾಸ್ ಎದುರು ಸುಮ್ನೆ ನೆಲದೊಳಗೆ ಇಳಿದು, ಮೇಲೆ ಏನು ನಡೆಯುತ್ತದೆ ಅಂತ ನೋಡುತ್ತಾ ಇದ್ದೆ. ಯಾವ ಏಟಾದ ಮೇಲೆ ಎಲ್ಲಿಗೆ ಬಂದು ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ. ನೆಲದಡಿ ಇರುವುದರ ದೊಡ್ಡ ಲಾಭ ಇದು. ಬೇರೆ ಎಬಿಲಿಟಿಯಲ್ಲಿ ನೋಡುತ್ತಾ ನಿಂತರೆ ಏಟು ತಿನ್ನಬೇಕು. ಡ್ರಿಲ್‌ನಲ್ಲಿ ನೋಡುವುದೂ ಆಟದ ಭಾಗ.

ಕೇಯಾಸ್ ಎಲ್ಫಿಲಿಸ್‌ಗೂ ಇದೇ ದಾರಿ. ತುಂಬಾ ಎತ್ತರದಲ್ಲಿ ಇರುವಾಗ ಏನೂ ಮಾಡುವ ಹಾಗಿಲ್ಲ, ನಿಜ. ಆದರೆ ಈಟಿ ಹಿಡಿದು ಬೀಸುವಾಗ ನಮ್ಮ ಹತ್ತಿರಕ್ಕೇ ಬರಬೇಕು. ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಂಡು ಹೊಡೆಯುವಾಗಲೂ ಅಷ್ಟೇ. ಅದು ಬರುವುದು ಕಿರ್ಬಿ ಇರುವ ಕಡೆಗೆ. ಅಂದರೆ ನಾನು ಎಲ್ಲಿದ್ದೇನೆ ಅನ್ನುವುದೇ ಅದು ಎಲ್ಲಿಗೆ ಬರುತ್ತದೆ ಅನ್ನುವುದನ್ನು ತೀರ್ಮಾನಿಸುತ್ತದೆ. ನಾನೇ ಗೆರೆಯ ಬಾಯಿ ತೆರೆದಿಟ್ಟು ಅದರ ಪಕ್ಕದಲ್ಲಿ ಕಾಯುತ್ತಿದ್ದೆ. ಅದು ಇಳಿದು ಬಂದಾಗ ಬಾಯಿ ಮುಚ್ಚಿದೆ. ಪೂರ್ತಿ ಗೆರೆ ಕೂಡದಿದ್ದರೂ ಕೆಳಗಿನಿಂದ ಚಿಮ್ಮಿ ಮೇಲೇಳುವ ಏಟು ತಗಲುತ್ತದೆ. ಆ ಏಟನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನನ್ನ ಅಂದಾಜಿನಲ್ಲಿ ಕೊನೆಯ ಬಾಸ್‌ಗೆ ಬಿದ್ದ ಏಟಿನಲ್ಲಿ ಮೂರನೇ ಒಂದು ಭಾಗ ಅದರದ್ದೇ.

ಇದು ಹೊಳೆಯಲು ಗಾಚಾ ಗೊಂಬೆಗಳ ಓದು ಸಹಾಯ ಮಾಡಿತು ಅಂದೆನಲ್ಲ. ಈ ಆಟದಲ್ಲಿ ಬರುವ ಲ್ಯಾಬ್ ಡಿಸ್ಕವೆರಾ ನೆನಪಿದೆಯಾ? ಖಾಲಿ ಪ್ರಯೋಗಾಲಯ. ಯಾರೂ ಇಲ್ಲದಿದ್ದರೂ ಪ್ರವಾಸಿಗರಿಗೆ ಅಂತ ಮುದ್ರಿಸಿಟ್ಟ ದನಿಯೊಂದು ನಗುನಗುತ್ತಾ ಎಲ್ಲವನ್ನೂ ವಿವರಿಸುತ್ತಾ ಹೋಗುತ್ತದೆ. ಹೊರಗಿನ ಲೋಕದಿಂದ ಒಂದು ಜೀವಿ (ಇದೇ ಎಲ್ಫಿಲಿಸ್) ದಾಳಿ ಮಾಡಿತು, ಅದನ್ನು ಹಿಡಿದೆವು, ಐಡಿ-ಎಫ್86 ಅಂತ ನಂಬರ್ ಕೊಟ್ಟೆವು. ಅದು ಜಾಗದಿಂದ ಜಾಗಕ್ಕೆ ಮಾಯವಾಗಿ ಹೋಗುವ ಶಕ್ತಿಯನ್ನು ಅಭ್ಯಾಸ ಮಾಡಿದೆವು. ಪ್ರಯೋಗದ ಅವಘಡದಲ್ಲಿ ಅದು ಎರಡು ತುಂಡಾಯಿತು, ಚಿಕ್ಕ ತುಂಡು ತಪ್ಪಿಸಿಕೊಂಡಿತು. ಆ ಚಿಕ್ಕ ತುಂಡೇ ನಮ್ಮ ಎಲ್ಫಿಲಿನ್. ನಾವು ಆಟದುದ್ದಕ್ಕೂ ಮುದ್ದು ಮಾಡಿಕೊಂಡು ಬಂದ ಗೆಳೆಯ. ದೊಡ್ಡ ತುಂಡನ್ನು ಗಾಜಿನ ಕ್ಯಾಪ್ಸೂಲ್‌ನಲ್ಲಿ ಇಟ್ಟು, ಅದರ ಶಕ್ತಿಯನ್ನೇ ಬಳಸಿಕೊಂಡು ಆ ಲೋಕದ ಜನರೆಲ್ಲ ಕನಸಿನ ನಾಡಿಗೆ ಹೊರಟುಹೋದರು. ಅದನ್ನು ಅಲ್ಲೇ ಬಿಟ್ಟು.

ಈ ಸರಣಿಯಲ್ಲಿ ಕತ್ತಲೆ ಅಂದರೆ ಎಲ್ಲರಿಗೂ ರಕ್ತ ಚಿಮ್ಮಿಸುವ ಕಣ್ಣು ನೆನಪಾಗುತ್ತದೆ. ನನಗೆ ಈ ನಗುವ ದನಿ ಅದಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಝೀರೋ ಎಲ್ಲಿಂದ ಬಂತು, ಯಾಕೆ ಬಂತು ಅಂತ ಆಟ ಹೇಳುವುದಿಲ್ಲ, ಹಾಗಾಗಿ ಅದು ಬರೀ ಕೆಟ್ಟ ಕನಸು. ಎಲ್ಫಿಲಿಸ್‌ಗೆ ಒಂದು ಕಥೆ ಇದೆ. ಅದು ದಾಳಿ ಮಾಡಿದ್ದು ನಿಜ, ಆಮೇಲೆ ಅದಕ್ಕೆ ಮಾಡಿದ್ದೂ ನಿಜ. ಗೆಳೆಯನೊಬ್ಬ 'ಅದು ಆಕ್ರಮಣಕಾರಿ, ಪಾಪ ಅನ್ನೋದು ಏನಿಲ್ಲ' ಅಂತಾನೆ. ನಾನು ಒಪ್ಪಲ್ಲ. ಎಲ್ಫಿಲಿನ್‌ನಲ್ಲಿ ಇರುವ ಕರುಣೆ ಮೊದಲು ಅದರೊಳಗೇ ಇದ್ದದ್ದು ತಾನೆ? ಪ್ರಾಣಿಗಳ ನಾಯಕ ಲಿಯಾಂಗರ್‌ನದ್ದೂ ಅದೇ ಗತಿ. ತನ್ನ ಪ್ರಾಣಿಗಳನ್ನು ಕನಸಿನ ನಾಡಿಗೆ ಕರೆದೊಯ್ಯಬೇಕು ಅಂದವನು ಇನ್ನೊಬ್ಬರ ದನಿಗೆ ಬಾಯಿಯಾಗಿ ಹೋದ. ಅವನ ಆತ್ಮದ ಚೂರುಗಳನ್ನು ಒಂದೊಂದಾಗಿ ಆರಿಸಿ ತರುವ ಕೆಲಸ ಎಷ್ಟು ಬೇಸರ ಅಂತ ಎಲ್ಲರೂ ಹೇಳುತ್ತಾರೆ. ಕ್ಲಾರೊಲಿನ್ ಅವನಿಗಾಗಿ ಕಾಯುತ್ತಿದ್ದಾಳೆ ಅಂತ ತಿಳಿದ ಮೇಲೆ ನನಗೆ ಒಂದು ಚೂರೂ ಬೇಸರ ಆಗಲಿಲ್ಲ.

ಹೇಳಲು ಹೊರಟದ್ದು ಇದು. ಮಾಯವಾಗಿ ಬರುವುದು ಅದರ ಹುಟ್ಟು ಗುಣ, ಆ ಗುಣಕ್ಕಾಗಿಯೇ ಅದನ್ನು ಹಿಡಿದಿಟ್ಟರು ಅಂತ ತಿಳಿದ ಮೇಲೆ ನಾನು ಅದರ ಉಳಿದ ಏಟುಗಳನ್ನು ಬಿಟ್ಟು ಮಾಯವಾಗುವುದನ್ನು ಮಾತ್ರ ನೋಡತೊಡಗಿದೆ. ಮಾಯವಾಗುವ ಮುಂಚೆ, ಕಾಣಿಸಿಕೊಳ್ಳುವ ಮುಂಚೆ ಒಂದು ಸುಳಿವು ಇದೆ. ಆ ಸುಳಿವು ಏನು ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನ 60 ಸೋಲಿನ ಸಂಪಾದನೆ. ನೆಲದಡಿ ಇಳಿದು ನಾಲ್ಕು ಸಲ ಸುಮ್ನೆ ನೋಡಿ, ನಿಮಗೂ ಸಿಗುತ್ತದೆ. ಫರ್ಗೋ ಲಿಯಾನ್ ಅನ್ನುವ ಬಾಸ್‌ನ ಶುರುವಿನಲ್ಲಿ ನಾನು ಎಲ್ಲಿ ನಿಲ್ಲುತ್ತೇನೆ ಅನ್ನುವುದನ್ನೂ ಈಗಲೇ ಹೇಳಲ್ಲ. ಗೆಳೆಯರಲ್ಲಿ ಇಬ್ಬರು ನನ್ನನ್ನು ನೋಡಿ ಡ್ರಿಲ್ ಹಿಡಿದಿದ್ದಾರೆ, ಅವರಿಗಿಂತ ಮುಂದೆ ಇರಬೇಕಲ್ಲ.

ಮಾರ್ಫೋ ನೈಟ್ ಅನ್ನುವ ಬಾಸ್ ವಿಷಯ ಹೇಳಬಹುದು. 2018ರ 'ಸ್ಟಾರ್ ಅಲೈಸ್'ನಲ್ಲಿ ಗ್ಯಾಲಕ್ಟಾ ನೈಟ್ ಅನ್ನುವ ಯೋಧನ ಮೇಲೆ ಒಂದು ಚಿಟ್ಟೆ ಬಂದು ಕೂತು ಅವನನ್ನೇ ಹೀರಿಕೊಂಡಿತಲ್ಲ, ಅದೇ ಚಿಟ್ಟೆ. ಇಲ್ಲಿ ಫರ್ಗೋ ಆತ್ಮವನ್ನು ಹೀರುತ್ತದೆ. ಅವನ ಜೊತೆ ಗೆರೆ ಎಳೆಯಲು ಹೋದರೆ ಸಮಯ ಹಾಳು, ಬಹಳ ಚುರುಕು. ಸರಿಯಾದ ಕ್ಷಣಕ್ಕೆ ಡಾಡ್ಜ್ ಮಾಡಿ (ಏಟು ತಪ್ಪಿಸಿಕೊಳ್ಳಿ), ಕಾಲ ನಿಧಾನವಾದಾಗ ನೆಲದ ಮೇಲಿಂದಲೇ ಡ್ರಿಲ್ ಚುಚ್ಚಿ. ಅಲ್ಲಿ ನನಗೆ ಡ್ರಿಲ್ ಬರೀ ಮೊನೆಯಿರುವ ಕೋಲು. ಅಷ್ಟು ಸಾಕು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕಪ್‌ಗೆ ಹೋಗುವ ಮುಂಚೆ ಡೀಪ್ ಸ್ಲೀಪ್ ಅನ್ನುವ ನಿದ್ದೆಯ ಎಬಿಲಿಟಿಯಲ್ಲಿ ಮಲಗಿ ಎದ್ದರೆ ಸಿಗುವ ಬೂಸ್ಟ್ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ನೋಡಿದೆ. ಯಾವ ಬೂಸ್ಟ್ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ, ನಾಲ್ಕೈದು ಸಲ ಮಲಗಿ ಬಿಟ್ಟೆ. ಹೇಗೂ ಬೂಸ್ಟ್ ಇಲ್ಲದೆ ಗೆಲ್ಲಬೇಕು ಅಂತ ಆಮೇಲೆ ತೀರ್ಮಾನ ಮಾಡಿದೆ. ಟೈಮ್ ಕ್ರ್ಯಾಶ್ ಅನ್ನುವ ಎಬಿಲಿಟಿ ಕೂಡ ಹಿಡಿದು ನೋಡಿದೆ. ಕಾಲ ನಿಲ್ಲಿಸಿ ಓಡಾಡಿ ಹೊಡೆಯುವುದು ನೋಡಲು ಬಹಳ ಚಂದ. ಆದರೆ ಅದು ಒಂದೇ ಸಲ, ಆಮೇಲೆ ಕೈ ಖಾಲಿ. ಗೊರಿಮಾಂಡೋ ಮೇಲೆ ಬರೀ ಐಸ್‌ನಲ್ಲಿ ಆಡಿದಾಗ ಮಾತ್ರ ಒಂದು ಒಳ್ಳೆ ಪಾಠ ಸಿಕ್ಕಿತು. ಐಸ್ ಹಿಡಿದವರು ಗಾರ್ಡ್ ಮಾಡಿಯೇ (ಏಟು ತಡೆದೇ) ಗೆಲ್ಲುತ್ತಾರೆ. ನಾವು ಡ್ರಿಲ್‌ನವರು ಗಾರ್ಡ್ ಬಟನ್ ಮರೆತೇಬಿಟ್ಟಿರುತ್ತೇವೆ. ನೆಲದಿಂದ ಮೇಲೆ ಬಂದ ಕೂಡಲೇ ಗಾರ್ಡ್ ಒತ್ತುವ ಅಭ್ಯಾಸ ಮಾಡಿಕೊಂಡೆ. ಡೆಡೆಡೆಯ ಕಂಬ ಅದರಿಂದಲೇ ಹತೋಟಿಗೆ ಬಂತು.

ಗೆದ್ದ ದಿನದ ಆಟ ಅಷ್ಟೇನೂ ಅಚ್ಚುಕಟ್ಟಾಗಿ ಇರಲಿಲ್ಲ. ಸಿಲ್ಲಿಡಿಲ್ಲೋ ಹತ್ತಿರ ಎರಡು ಸಲ ಉರುಳಿಗೆ ಸಿಕ್ಕಿದೆ. ಫರ್ಗೋ ಲಿಯಾನ್ ಮುಗಿಯುವಾಗ ಹೆಲ್ತ್ ಕಾಲು ಭಾಗ ಇರಬಹುದು. ಹೋಯಿತು ಅಂದುಕೊಂಡೇ ಕೊನೆಯ ಬಾಸ್‌ಗೆ ನಿಂತೆ. ಮೊದಲ ಗೆರೆಯೇ ಸರಿಯಾಗಿ ಕೂಡಿತು. ಎರಡನೆಯದೂ ಕೂಡಿತು. ಮೂರನೆಯದು ಅರ್ಧಕ್ಕೆ ತುಂಡಾದಾಗ ಒಳಗೇ ಕಾದೆ, ಮೊದಲಿನ ಹಾಗೆ ಗಾಬರಿಯಿಂದ ಮೇಲೆ ಬರಲಿಲ್ಲ. ಅದು ತನ್ನ ರೂಪ ಕಳೆದುಕೊಂಡು ಗುಂಡಗಿನ ಒಡಲಾಗಿ ಬಂದಾಗ ನನ್ನ ಕೈ ನಡುಗುತ್ತಿತ್ತು. ಕೊನೆಯ ಏಟು ಗೆರೆಯಿಂದ ಬಿದ್ದದ್ದಲ್ಲ, ಕೆಳಗಿನಿಂದ ಚಿಮ್ಮಿ ಎದ್ದ ಏಟಿನಿಂದ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಆ ಏಟು.

ವಿಡಿಯೋ ಕಳಿಸಿದೆ. ಸುತ್ತಿಗೆ ಹಿಡಿ ಅಂದಿದ್ದ ಗೆಳೆಯ ಎರಡು ಸಲ ನೋಡಿ, 'ನಿನ್ನ ಡ್ರಿಲ್‌ಗೆ ಎಷ್ಟು ಸ್ಟೋನ್ ಹಾಕಿದ್ದೀಯ?' ಅಂತ ಕೇಳಿದ. ಹೇಳಿದೆ. ಅವನೀಗ ಬಿಟ್ಟಿದ್ದ ಟ್ರೆಷರ್ ರೋಡ್ ಹುಡುಕುತ್ತಿದ್ದಾನೆ. ನಾನು ಈಗ ನೀಡಲ್ ಅನ್ನುವ ಎಬಿಲಿಟಿ ಹಿಡಿದಿದ್ದೇನೆ. ಅದೂ ಆಗಲ್ಲ ಅಂತಿದ್ದಾರೆ. ಇದುವರೆಗೆ 9 ಸಲ ಸೋತಿದ್ದೇನೆ, ಎಲ್ಲವೂ ಕ್ಲಾರೊಲಿನ್ ಹತ್ತಿರವೇ.